ಯಾವ ಯುದ್ಧನೌಕೆಯ ಪ್ರತಿಕೃತಿಯನ್ನು ಮಾಡೋಣ?

‘ಸಾರ್, ಯಮಾಟೊ ಮಾಡೋಣವೆ?’

ಹಡಗಿನ ಪ್ರತಿಕೃತಿಯೊಂದನ್ನು ತಮ್ಮ ಕೈಯಿಂದಲೇ ಮಾಡಬೇಕೆಂಬ ಹಂಬಲದಿಂದ ನನ್ನ ಬಳಿಗೆ ಬರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಇದು. ಜಪಾನಿನ ಯುದ್ಧನೌಕೆಗಳ ವಿಷಯದಲ್ಲಿ ಅವರಿಗೆ ಅದೇನೋ ವಿಶೇಷವಾದ ಮೋಹ. ಆ ಮೋಹ ಅಕಾರಣವಾದುದಲ್ಲ. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಜಪಾನಿನ ಶಿಲ್ಪಿಗಳು ಕಟ್ಟಿದ ಹಡಗುಗಳಲ್ಲಿ ಒಂದು ಮತ್ತೊಂದರಂತಿಲ್ಲ. ಬಾಗಿದ ಹೊಗೆಕೊಳವೆಗಳು, ಅಲೆಯಂತೆ ಏರಿಳಿಯುವ ಡೆಕ್ಕು, ದೇವಾಲಯದ ಗೋಪುರದಂತೆ ಅಟ್ಟದ ಮೇಲೆ ಅಟ್ಟ ಏರಿರುವ ಸ್ತಂಭ, ಇವು ನೋಡುವವರ ಕಣ್ಣನ್ನು ಸೆರೆಹಿಡಿಯುತ್ತವೆ.

ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಪ್ಲಾಸ್ಟಿಕ್ ಭಾಗಗಳನ್ನು ಅಂಟಿಸಿ ಮಾಡುವ ಪ್ರತಿಕೃತಿಯ ಮಾತನ್ನು ನಾನಿಲ್ಲಿ ಆಡುತ್ತಿಲ್ಲ. ನಕ್ಷೆಯನ್ನು ಮುಂದಿಟ್ಟುಕೊಂಡು, ಮರ, ರಟ್ಟು, ತಂತಿ, ತಗಡುಗಳಿಂದ ಪ್ರತಿಯೊಂದು ಭಾಗವನ್ನೂ ನಾವೇ ಕೊರೆದು ಕತ್ತರಿಸಿ ಮಾಡುವ ಪ್ರತಿಕೃತಿಯದೇ ಇಲ್ಲಿನ ವಿಷಯ. ಇಂಥ ಕೆಲಸಕ್ಕೆ ಆರು ತಿಂಗಳೋ ಒಂದು ವರ್ಷವೋ ಬೇಕಾದೀತು. ಆದುದರಿಂದ ಯಾವ ಹಡಗು ಎಂಬುದನ್ನು ಮೊದಲು ಚೆನ್ನಾಗಿ ಯೋಚಿಸಿ ಗೊತ್ತುಮಾಡಿಕೊಳ್ಳಬೇಕು. ಈ ಆಯ್ಕೆಯು ಕೇವಲ ರುಚಿಯ ಪ್ರಶ್ನೆಯೆಂದು ನಾನೂ ಒಂದು ಕಾಲದಲ್ಲಿ ಎಣಿಸಿದ್ದೆ. ಅದು ಭೌತವಿಜ್ಞಾನದ ಪ್ರಶ್ನೆಯೂ ಹೌದೆಂಬುದು ನನಗೆ ತಿಳಿದದ್ದು ಸುಮಾರು ನೂರು ಜನ ನೋಡುತ್ತಿದ್ದಾಗ!

ನಡೆದುದು ಇಷ್ಟು. ಕಾಲೇಜೊಂದರ ವಿಜ್ಞಾನ ಪ್ರದರ್ಶನಕ್ಕಾಗಿ ನಾನೂ ಮೂವರು ವಿದ್ಯಾರ್ಥಿಗಳೂ ಸೇರಿ ‘ಫುಬುಕಿ’ ಎಂಬ ಡಿಸ್ಟ್ರಾಯರ್ ನೌಕೆಯನ್ನು ನೂರರಲ್ಲಿ ಒಂದರ ಪ್ರಮಾಣದಲ್ಲಿ ಮಾಡಿದೆವು. 118 ಸೆಂಟಿಮೀಟರ್ ಉದ್ದ, ಹತ್ತೂವರೆ ಸೆಂಟಿಮೀಟರಿಗೆ ಕೊಂಚ ಕಡಮೆ ಅಗಲ. ಮೇಲಿನ ಕಟ್ಟಡಗಳನ್ನೆಲ್ಲ ಒಳ್ಳೆಯ ತೇಗದಿಂದ ಕೆತ್ತಿದೆವು. ತೋಪುಗಳನ್ನು ಹಿತ್ತಾಳೆಯ ಕಂಬಿಯಿಂದ ಮಾಡಿದೆವು. ಮೇಜಿನ ಮೇಲೆ ಅದು ಬಹು ಗಂಭೀರವಾಗಿ ಕಾಣುತ್ತಿದ್ದಿತು. ನೀರಿನ ತೊಟ್ಟಿಯಲ್ಲಿ ಬಿಟ್ಟ ಕೂಡಲೆ ಒಂದು ಕ್ಷಣ ನೆಟ್ಟಗೆ ನಿಂತು, ಎಡಕ್ಕೆ ವಾಲಿ, ಯಾವ ಆತುರವೂ ಇಲ್ಲದೆ ಮಗುಚಿಕೊಂಡು ತನ್ನ ಕೆಂಪು ತಳವನ್ನು ಎಲ್ಲರಿಗೂ ತೋರಿಸಿತು. ಅಂದು ರಾತ್ರಿ ಕಾಗದ ಪೆನ್ಸಿಲು ಹಿಡಿದು ಕುಳಿತಾಗ, ಮೊದಲ ದಿನವೇ ಹಾಕಬೇಕಾಗಿದ್ದ ಲೆಕ್ಕವನ್ನು ನಾವು ಹಾಕಿರಲಿಲ್ಲವೆಂಬುದು ಗೊತ್ತಾಯಿತು.

ಪ್ರಮಾಣದ ಲೆಕ್ಕ

ಯಮಾಟೊವಿನಿಂದಲೇ ಪ್ರಾರಂಭಿಸೋಣ. ಅದರ ಉದ್ದ 263 ಮೀಟರ್, ಅಗಲ 38.9 ಮೀಟರ್. ಪೂರ್ಣ ಭಾರ ಹೊತ್ತಾಗ ಅದು ಪಲ್ಲಟಗೊಳಿಸುತ್ತಿದ್ದ ನೀರಿನ ತೂಕ ಸುಮಾರು 72,800 ಟನ್ನು. ತೇಲುವ ವಸ್ತುವಿನ ತೂಕವೂ ಅದು ಪಲ್ಲಟಗೊಳಿಸಿದ ನೀರಿನ ತೂಕವೂ ಒಂದೇ ಎಂಬ ಆರ್ಕಿಮಿಡೀಸನ ನಿಯಮವನ್ನು ನಾವೆಲ್ಲ ಬಲ್ಲೆವು. ಆದುದರಿಂದ ಹಡಗಿನ ತೂಕವೂ ಅದೇ.

ಈಗ ಇದನ್ನು ನೂರರಲ್ಲಿ ಒಂದು ಪಾಲು ಚಿಕ್ಕದು ಮಾಡಿದರೆ ಉದ್ದ 2.63 ಮೀಟರ್ ಆಗುತ್ತದೆ. ತೂಕವೇನಾಗುತ್ತದೆ? ಉದ್ದ, ಅಗಲ, ಆಳ ಮೂರೂ ನೂರರಲ್ಲಿ ಒಂದಾದಾಗ ಗಾತ್ರವು ಹತ್ತು ಲಕ್ಷದಲ್ಲಿ ಒಂದಾಗುತ್ತದೆ. ಆದುದರಿಂದ 72,800 ಟನ್ನಿನ ಹಡಗು ಸುಮಾರು 73 ಕಿಲೋಗ್ರಾಂ ಆಗುತ್ತದೆ. ಇದು ಒಬ್ಬ ವಯಸ್ಕನ ತೂಕ. ಹೊತ್ತುಕೊಂಡು ಹೋಗಲು ಇಬ್ಬರು ಬೇಕು, ಇರಿಸಲು ಕೊಠಡಿಯೊಂದು ಬೇಕು. ಇನ್ನೂರರಲ್ಲಿ ಒಂದು ಮಾಡಿದರೆ ಉದ್ದ 131 ಸೆಂಟಿಮೀಟರ್, ತೂಕ ಸುಮಾರು 9 ಕಿಲೋಗ್ರಾಂ. ಏಳು ನೂರರಲ್ಲಿ ಒಂದು ಮಾಡಿದರೆ ಉದ್ದ 38 ಸೆಂಟಿಮೀಟರಿಗೂ ಕಡಮೆ; ತೂಕ ಸುಮಾರು 210 ಗ್ರಾಂ ಮಾತ್ರ. ಉದ್ದವು ಏಳರಲ್ಲಿ ಒಂದು ಪಾಲಾಗುವಷ್ಟರಲ್ಲಿ ತೂಕವು 343ರಲ್ಲಿ ಒಂದು ಪಾಲಾಗಿಬಿಟ್ಟಿತು. ಜಪಾನಿನ ಕುರೆ ನಗರದಲ್ಲಿ 2005ರಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕಾಗಿ ಯಮಾಟೊವಿನ ಪ್ರತಿಕೃತಿಯನ್ನು ಹತ್ತರಲ್ಲಿ ಒಂದರ ಪ್ರಮಾಣದಲ್ಲಿ ಮಾಡಿದರು. 26.3 ಮೀಟರ್ ಉದ್ದದ ಆ ಪ್ರತಿಕೃತಿಯು ನಿಜವಾದ ಹಡಗಿನಂತೆಯೇ ಅದೇ ಗೆರೆಯವರೆಗೆ ಮುಳುಗಿ ತೇಲಬೇಕಾದರೆ ಅದರ ತೂಕ ಸುಮಾರು 73 ಟನ್ನು ಇರಬೇಕಾಗುತ್ತದೆ!

ಯಮಾಟೊವಿಗೆ ಇನ್ನೊಂದು ತೊಡಕು ಉಂಟು. ಅದನ್ನು ಬಹು ಗುಟ್ಟಾಗಿ ಕಟ್ಟಿದರು. 1945ರಲ್ಲಿ ಶರಣಾಗತಿಯ ಸಮಯದಲ್ಲಿ ನೌಕಾಪಡೆಯ ಎಷ್ಟೋ ದಾಖಲೆಗಳನ್ನು ಸುಟ್ಟುಹಾಕಿದರು. ಆ ವರ್ಷ ಏಪ್ರಿಲ್ 7ರಂದು ಮುಳುಗಿದ ಹಡಗಿನ ಅವಶೇಷಗಳನ್ನು 1985ರಲ್ಲಿ ಸಮುದ್ರತಳದಲ್ಲಿ ಗುರುತಿಸಿದ ಮೇಲೆ ಅನೇಕ ವಿವರಗಳು ತಿಳಿದುಬಂದುವು. ಆದುದರಿಂದ ಹಳೆಯ ನಕ್ಷೆಯೊಂದು ಕೈಗೆ ಸಿಕ್ಕಿದ ಮಾತ್ರಕ್ಕೆ ಅದನ್ನು ನಂಬಿ ಮರ ಕೊರೆಯಲು ಹೊರಡಬಾರದು.

ಇದು ಯಮಾಟೊವಿಗೆ ಮಾತ್ರ ಸಲ್ಲುವ ಮಾತಲ್ಲ. ಯುದ್ಧನೌಕೆಗಳನ್ನು ಕಟ್ಟಿದ ಮೇಲೂ ಪದೇ ಪದೇ ಮಾರ್ಪಡಿಸುತ್ತಿದ್ದರು. 1915ರ ‘ಫುಸೊ’ ಬೇರೆ, 1930ರ ದಶಕದಲ್ಲಿ ಪುನರ್ನಿರ್ಮಾಣಗೊಂಡ ‘ಫುಸೊ’ ಬೇರೆ. ‘ಯಾವ ಹಡಗು’ ಎಂದು ಕೇಳಿದವನು ‘ಯಾವ ವರ್ಷದ ಹಡಗು’ ಎಂದೂ ಒಡನೆಯೇ ಕೇಳಿಕೊಳ್ಳಬೇಕು. ಇಲ್ಲದಿದ್ದರೆ ತಾತನ ಮೈಗೆ ಮೊಮ್ಮಗನ ತಲೆಯನ್ನು ಜೋಡಿಸಿದಂತಾಗುತ್ತದೆ.

ಮಗುಚುವುದೇಕೆ?

ಗಾಜಿನ ಕಪಾಟಿನಲ್ಲಿ ನಿಲ್ಲಿಸುವ ಪ್ರತಿಕೃತಿಯಾದರೆ ಉದ್ದ ತೂಕಗಳ ಲೆಕ್ಕದೊಡನೆ ಕೆಲಸ ಮುಗಿಯಿತು. ನೀರಿನಲ್ಲಿ ತೇಲಿಸಬೇಕೆಂದರೆ ಹಾಗಲ್ಲ. ತೇಲುವುದು ಒಂದು ವಿಷಯ. ನೆಟ್ಟಗೆ ತೇಲುವುದು ಬೇರೊಂದು ವಿಷಯ.

ಹಡಗಿನ ತೂಕವೆಲ್ಲವೂ ಅದರ ಗುರುತ್ವಕೇಂದ್ರದಲ್ಲಿ ಕೆಳಮುಖವಾಗಿ ವರ್ತಿಸುತ್ತದೆ. ನೀರು ಹಡಗನ್ನು ಮೇಲಕ್ಕೊತ್ತುವ ಬಲವು, ಮುಳುಗಿದ ಭಾಗದ ನಡುಬಿಂದುವಿನಲ್ಲಿ ಮೇಲ್ಮುಖವಾಗಿ ವರ್ತಿಸುತ್ತದೆ. ಈ ಎರಡನೆಯದನ್ನು ಪ್ಲವನಕೇಂದ್ರವೆನ್ನೋಣ. ಹಡಗು ನೆಟ್ಟಗಿರುವಾಗ ಎರಡೂ ಒಂದೇ ಲಂಬರೇಖೆಯಲ್ಲಿರುತ್ತವೆ. ಹಡಗು ಬಲಕ್ಕೆ ವಾಲಿತೆನ್ನಿ. ಬಲಗಡೆಯ ಒಡಲು ಹೆಚ್ಚು ಮುಳುಗುವುದರಿಂದ ಪ್ಲವನಕೇಂದ್ರವೂ ಬಲಕ್ಕೆ ಸರಿಯುತ್ತದೆ. ಅಲ್ಲಿಂದ ಮೇಲಕ್ಕೆ ಎಳೆದ ಲಂಬರೇಖೆಯು ಹಡಗಿನ ನಡುಗೆರೆಯನ್ನು ಒಂದು ಬಿಂದುವಿನಲ್ಲಿ ಸಂಧಿಸುತ್ತದೆ. ಇದಕ್ಕೆ ಮೆಟಾಸೆಂಟರ್ ಎಂದು ಹೆಸರು. ಫ್ರಾನ್ಸಿನ ವಿಜ್ಞಾನಿ ಪಿಯೆರ್ ಬೂಗೆ 1746ರಲ್ಲಿ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದನು. ಗುರುತ್ವಕೇಂದ್ರವು ಈ ಬಿಂದುವಿಗಿಂತ ಕೆಳಗಿದ್ದರೆ ಎರಡು ಬಲಗಳೂ ಕೂಡಿ ಹಡಗನ್ನು ಮತ್ತೆ ನೆಟ್ಟಗೆ ಮಾಡುತ್ತವೆ. ಮೇಲಿದ್ದರೆ ಅದೇ ಬಲಗಳು ಅದನ್ನು ಇನ್ನಷ್ಟು ಉರುಳಿಸುತ್ತವೆ. ನಮ್ಮ ಫುಬುಕಿಗೆ ಬಂದ ಗತಿ ಈ ಎರಡನೆಯದು.

ಮೆಟಾಸೆಂಟರ್ ಎಲ್ಲಿದೆಯೆಂಬುದನ್ನು ಅಂದಾಜು ಮಾಡುವುದು ಕಷ್ಟವಲ್ಲ. ಹಡಗನ್ನು ಒಂದು ಉದ್ದನೆಯ ಪೆಟ್ಟಿಗೆಯೆಂದು ಭಾವಿಸಿ. ಪ್ಲವನಕೇಂದ್ರವು ತಳದಿಂದ, ಮುಳುಗಿದ ಆಳದ ಅರ್ಧದಷ್ಟು ಎತ್ತರದಲ್ಲಿರುತ್ತದೆ. ಅಗಲದ ವರ್ಗವನ್ನು ಮುಳುಗಿದ ಆಳದ ಹನ್ನೆರಡರಷ್ಟರಿಂದ ಭಾಗಿಸಿದರೆ, ಪ್ಲವನಕೇಂದ್ರದಿಂದ ಮೆಟಾಸೆಂಟರ್ ಎಷ್ಟು ಮೇಲಿದೆಯೆಂಬುದು ದೊರೆಯುತ್ತದೆ. ಅಗಲವು ವರ್ಗವಾಗಿ ಬರುವುದನ್ನು ಗಮನಿಸಿರಿ. ಅಗಲವಾದ ಹಡಗು ಉದಾರಿ, ನಮ್ಮ ತಪ್ಪುಗಳನ್ನು ಕ್ಷಮಿಸುತ್ತದೆ. ಕಿರಿದಾದ ಹಡಗು ಕ್ಷಮಿಸುವುದಿಲ್ಲ.

ಪ್ರತಿಕೃತಿ ಮಾಡುವವನಿಗೆ ಇಲ್ಲಿ ನಿಜವಾದ ಹಡಗುಗಾರನಿಗೆ ಇಲ್ಲದ ಒಂದು ವಿಪತ್ತು ಉಂಟು. ಹಡಗಿನ ಮೇಲ್ಕಟ್ಟಡವನ್ನು ಹತ್ತು ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನಿಂದ ಮಾಡಿರುವರೆನ್ನೋಣ. ನೂರರಲ್ಲಿ ಒಂದರ ಪ್ರಮಾಣದಲ್ಲಿ ಆ ತಗಡು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು, ಎಂದರೆ ನಾವು ಬರೆಯುವ ಕಾಗದದಷ್ಟು ದಪ್ಪವಿರಬೇಕು. ನಾವೋ ಎರಡು ಮಿಲಿಮೀಟರ್ ಹಲಗೆಯನ್ನು ಬಳಸುತ್ತೇವೆ; ಅಥವಾ ಬೇಸರಪಟ್ಟು ಘನವಾದ ಮರದ ತುಂಡನ್ನೇ ಅಲ್ಲಿ ಕೂರಿಸಿಬಿಡುತ್ತೇವೆ. ಹೀಗೆ ಪ್ರತಿಕೃತಿಯ ತಲೆಯು ಮೂಲ ಹಡಗಿನ ತಲೆಗಿಂತ ಯಾವಾಗಲೂ ಹೆಚ್ಚು ಭಾರ. ಮೂಲ ಹಡಗೇ ತಲೆಭಾರದ್ದಾಗಿದ್ದರೆ ಹೇಳುವುದೇನು!

ಗಾಳಿಯ ವಿಷಯ ಇನ್ನೂ ಸೋಜಿಗವಾದುದು. ಗಾಳಿಯು ಹಡಗಿನ ಪಕ್ಕವನ್ನು ತಳ್ಳುವ ಬಲವು ಪಕ್ಕದ ವಿಸ್ತೀರ್ಣಕ್ಕೂ ಗಾಳಿಯ ವೇಗದ ವರ್ಗಕ್ಕೂ ಅನುಗುಣವಾಗಿರುತ್ತದೆ. ಈ ಬಲವನ್ನು ಅದು ತಾಗುವ ಎತ್ತರದಿಂದ ಗುಣಿಸಿದರೆ ಉರುಳಿಸುವ ಪ್ರಯತ್ನ ದೊರೆಯುತ್ತದೆ. ಹಡಗನ್ನು ಚಿಕ್ಕದು ಮಾಡಿದಾಗ ಇದು ಉದ್ದದ ಮೂರನೆಯ ಘಾತದಂತೆ ಕುಗ್ಗುತ್ತದೆ. ನೆಟ್ಟಗೆ ನಿಲ್ಲಿಸುವ ಪ್ರಯತ್ನವಾದರೋ ತೂಕವನ್ನು, ಗುರುತ್ವಕೇಂದ್ರದಿಂದ ಮೆಟಾಸೆಂಟರಿಗೆ ಇರುವ ಅಂತರದಿಂದ ಗುಣಿಸಿದಷ್ಟು. ಅದು ನಾಲ್ಕನೆಯ ಘಾತದಂತೆ ಕುಗ್ಗುತ್ತದೆ. ರಕ್ಷಕನು ಶತ್ರುವಿಗಿಂತ ಬೇಗ ಬಡವಾಗುತ್ತಾನೆ. ಎರಡನ್ನೂ ಸರಿದೂಗಿಸಿ ನೋಡಿದರೆ, ನೂರರಲ್ಲಿ ಒಂದರ ಪ್ರತಿಕೃತಿಗೆ ಸೆಕೆಂಡಿಗೆ 3 ಮೀಟರ್ ವೇಗದ ಗಾಳಿ ಮಾಡುವುದನ್ನು ಮೂಲ ಹಡಗಿಗೆ ಸೆಕೆಂಡಿಗೆ 30 ಮೀಟರ್ ವೇಗದ ಗಾಳಿ ಮಾಡುತ್ತದೆ. ಇದು ಗಂಟೆಗೆ 108 ಕಿಲೋಮೀಟರ್. ನಮ್ಮ ಮುಖಕ್ಕೆ ಹಿತವಾದ ತಂಗಾಳಿ ಪ್ರತಿಕೃತಿಗೆ ಬಿರುಗಾಳಿ! ವೇಗವು ಉದ್ದದ ವರ್ಗಮೂಲದಂತೆ ಬದಲಾಗುವ ಈ ಸಂಬಂಧವನ್ನೇ ನೀರಿನ ಅಲೆಗಳ ವಿಷಯದಲ್ಲಿ ಬಳಸಿಕೊಂಡು ವಿಲಿಯಂ ಫ್ರೂಡ್ ಎಂಬಾತನು 1870ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ತೊಟ್ಟಿಯೊಂದನ್ನು ಕಟ್ಟಿಸಿ, ಹಡಗಿನ ಪ್ರತಿಕೃತಿಗಳನ್ನು ಎಳೆದು ಪರೀಕ್ಷಿಸಿದನು.

ಕೆಲವು ಹಡಗುಗಳು

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಜಪಾನಿನ ಕೆಲವು ನೌಕೆಗಳನ್ನು ನೋಡೋಣ.

ಮೇಲೆ ಹೇಳಿದ ಫುಸೊವಿನ ಗೋಪುರಸ್ತಂಭವು ನೀರಿನ ಮಟ್ಟದಿಂದ ಸುಮಾರು 40 ಮೀಟರ್ ಎತ್ತರಕ್ಕೆ ಏರಿದ್ದಿತು. ಅದರ ಚಿತ್ರವನ್ನು ನೋಡಿದವರು ಇದು ಹೇಗೆ ನಿಂತಿತೆಂದು ಬೆರಗಾಗುತ್ತಾರೆ. ನಿಂತುದು ಅಗಲದ ಬಲದಿಂದ. ಪುನರ್ನಿರ್ಮಾಣವಾದ ಮೇಲೆ ಅದರ ಅಗಲ 33 ಮೀಟರ್. ಇದನ್ನು ಮಾಡಬಹುದು, ಆದರೆ ಆ ಸ್ತಂಭದ ಅಟ್ಟಗಳನ್ನೆಲ್ಲ ಒಂದೊಂದಾಗಿ ಕಾಗದದಿಂದ ಮಾಡುವ ತಾಳ್ಮೆ ಇರುವವರಿಗೆ ಮಾತ್ರ.

ಮೊದಲ ಸಲ ಕೈಹಾಕುವವರಿಗೆ ‘ಮಿಕಾಸಾ’ ಒಳ್ಳೆಯದು. 1902ರಲ್ಲಿ ಇಂಗ್ಲೆಂಡಿನ ಬ್ಯಾರೊ ಬಂದರಿನಲ್ಲಿ ಕಟ್ಟಿ ಮುಗಿಸಿದ ಈ ನೌಕೆಯಲ್ಲಿ ನಿಂತೇ ಅಡ್ಮಿರಲ್ ಟೋಗೊ 1905ರ ಮೇ ತಿಂಗಳಲ್ಲಿ ತ್ಸುಷಿಮಾ ಯುದ್ಧವನ್ನು ನಡೆಸಿದನು. ಉದ್ದ 131.7 ಮೀಟರ್, ಅಗಲ 23.2 ಮೀಟರ್. ಉದ್ದವು ಅಗಲದ ಆರರಷ್ಟೂ ಇಲ್ಲ. ಮೇಲ್ಕಟ್ಟಡ ತಗ್ಗು, ಎರಡು ಹೊಗೆಕೊಳವೆ, ಎರಡು ತೆಳುವಾದ ಕಂಬ. 150ರಲ್ಲಿ ಒಂದರಂತೆ ಮಾಡಿದರೆ 88 ಸೆಂಟಿಮೀಟರ್ ಉದ್ದ, ಸುಮಾರು ನಾಲ್ಕೂವರೆ ಕಿಲೋಗ್ರಾಂ ತೂಕ. ಅದೂ ಅಲ್ಲದೆ ಹಡಗು ಯೊಕೊಸುಕಾದಲ್ಲಿ ಇಂದಿಗೂ ಉಳಿದಿರುವುದರಿಂದ ಛಾಯಾಚಿತ್ರಗಳಿಗೆ ಕೊರತೆಯಿಲ್ಲ. ಅದನ್ನು ನೆಲದಲ್ಲಿ ಕಾಂಕ್ರೀಟಿನಿಂದ ಬಂಧಿಸಿಟ್ಟಿರುವರು. ಮಗುಚುವ ಭಯವಿಲ್ಲದ ಯುದ್ಧನೌಕೆ ಅದೊಂದೇ!

ನಮ್ಮ ದೇಶದ ಇತಿಹಾಸದೊಡನೆ ಸಂಬಂಧವಿರುವ ಹಡಗೊಂದು ಬೇಕೆನ್ನುವವರಿಗೆ ‘ರ್‍ಯೂಜೊ’ ಎಂಬ ವಿಮಾನವಾಹಕ ನೌಕೆ ಉಂಟು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣದ ಮೇಲೂ ಕಾಕಿನಾಡದ ಮೇಲೂ ಬಾಂಬು ಹಾಕಿದ ವಿಮಾನಗಳು ಹೊರಟದ್ದು ಇದರಿಂದ. ಮೇಲೆ ಚಪ್ಪಟೆಯಾದ ಡೆಕ್ಕು, ಕೆಳಗೆ ಸರಳವಾದ ಗೋಡೆಗಳು. ಮಾಡುವುದು ಸುಲಭವೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಇದರ ಒಡಲು ಕಿರಿದು. ಮೊದಲಿನ ಯೋಜನೆಯಲ್ಲಿ ವಿಮಾನಗಳನ್ನಿಡುವ ಅಂತಸ್ತು ಒಂದೇ ಇದ್ದಿತು. ಆಮೇಲೆ ಅದರ ಮೇಲೆ ಇನ್ನೊಂದು ಅಂತಸ್ತನ್ನು ಏರಿಸಿದರು. ಮೂಲ ಹಡಗನ್ನೇ ಕಟ್ಟಿದ ಮರುವರ್ಷ ಮತ್ತೆ ಕಟ್ಟೆಗೆ ತಂದು, ಪಕ್ಕಗಳನ್ನು ಉಬ್ಬಿಸಿ, ಮೇಲಿನ ತೋಪುಗಳಲ್ಲಿ ಕೆಲವನ್ನು ಇಳಿಸಬೇಕಾಯಿತು. ತೇಲಿಸುವ ಉದ್ದೇಶವಿದ್ದರೆ ಇದನ್ನು ಎರಡನೆಯ ಅಥವಾ ಮೂರನೆಯ ಹಡಗಾಗಿ ಇಟ್ಟುಕೊಳ್ಳುವುದು ಲೇಸು.

‘ಯೂಬಾರಿ’ ಎಂಬ ಕ್ರೂಸರ್ ನನಗೆ ಬಹಳ ಪ್ರಿಯವಾದುದು. 5,500 ಟನ್ನಿನ ಕ್ರೂಸರುಗಳು ಒಂದು ಪಕ್ಕಕ್ಕೆ ಹಾರಿಸಬಲ್ಲಷ್ಟು ತೋಪುಗಳನ್ನು ಸುಮಾರು 3,000 ಟನ್ನಿನ ಹಡಗಿನಲ್ಲಿ ಕೂರಿಸಬಹುದೆಂದು ಹಿರಾಗಾ ಯುಜುರು ಎಂಬ ಶಿಲ್ಪಿ 1923ರಲ್ಲಿ ಇದರಿಂದ ತೋರಿಸಿಕೊಟ್ಟನು. ಹೊಗೆಕೊಳವೆ ಒಂದೇ, ಬಿಡಿಭಾಗಗಳು ಕಡಮೆ. ಇದನ್ನೇ ಆರಿಸಿಬಿಡಬೇಕೆಂದು ನಾನು ಒಂದು ವಾರ ಯೋಚಿಸಿದ್ದುಂಟು.

ತೊಮೊಜುರು

ಕೊನೆಗೆ ನಾವು ಆರಿಸಿದುದು ಇವಾವುದನ್ನೂ ಅಲ್ಲ. ನಾವು ಆರಿಸಿದ ಹಡಗಿನ ಹೆಸರನ್ನು ವಿದ್ಯಾರ್ಥಿಗಳಲ್ಲಿ ಯಾರೂ ಕೇಳಿರಲಿಲ್ಲ.

1930ರ ಲಂಡನ್ ಒಪ್ಪಂದವು ಜಪಾನಿನ ಡಿಸ್ಟ್ರಾಯರುಗಳ ಒಟ್ಟು ತೂಕಕ್ಕೆ ಮಿತಿಯನ್ನು ಹಾಕಿತು. ಆದರೆ 600 ಟನ್ನಿಗೆ ಮೀರದ ಹಡಗುಗಳಿಗೆ ಆ ಮಿತಿ ಅನ್ವಯಿಸುತ್ತಿರಲಿಲ್ಲ. ಸಂದು ಕಂಡೊಡನೆ ಅದರಲ್ಲಿ ನುಸುಳುವುದು ಮನುಷ್ಯಸ್ವಭಾವ. ಡಿಸ್ಟ್ರಾಯರಿನಲ್ಲಿರುವಂಥ ತೋಪುಗಳನ್ನೂ ಟಾರ್ಪೆಡೊ ಕೊಳವೆಗಳನ್ನೂ 600 ಟನ್ನಿನೊಳಗಿನ ಪುಟ್ಟ ಹಡಗಿನ ಮೇಲೆ ಹೇರಿ, ‘ಚಿದೊರಿ’ ಎಂಬ ವರ್ಗದ ಟಾರ್ಪೆಡೊ ದೋಣಿಗಳನ್ನು ಕಟ್ಟಿದರು. ಉದ್ದ ಸುಮಾರು 80 ಮೀಟರ್, ಅಗಲ 7.4 ಮೀಟರ್, ಮುಳುಗುವ ಆಳ ಎರಡೂವರೆ ಮೀಟರ್. ಈ ವರ್ಗದ ಮೂರನೆಯ ಹಡಗು ತೊಮೊಜುರು. 1934ರ ಫೆಬ್ರವರಿಯಲ್ಲಿ ಅದು ನೌಕಾಪಡೆಯನ್ನು ಸೇರಿತು. ಮೂರು ವಾರಗಳೂ ತುಂಬಿರಲಿಲ್ಲ. ಮಾರ್ಚ್ 12ರ ಬೆಳಗಿನ ಜಾವ, ಸಸೆಬೊ ಬಂದರಿನಾಚೆ ಕತ್ತಲೆಯಲ್ಲಿ ಯುದ್ಧಾಭ್ಯಾಸ ನಡೆಯುತ್ತಿದ್ದಾಗ, ಬಿರುಗಾಳಿಯ ಅಲೆಗಳಿಗೆ ಸಿಕ್ಕಿ ಮಗುಚಿತು. ತಳ ಮೇಲಾಗಿ ತೇಲುತ್ತಿದ್ದ ಹಡಗನ್ನು ಆಮೇಲೆ ಸಸೆಬೊಗೆ ಎಳೆದುತಂದರು. ಒಳಗಿದ್ದ 113 ಜನರಲ್ಲಿ ಬದುಕಿ ಉಳಿದವರು 13.

ಯುದ್ಧವಿರಲಿಲ್ಲ, ಶತ್ರುವಿರಲಿಲ್ಲ, ಬಂಡೆಗೆ ತಾಗಿರಲಿಲ್ಲ. ಮೇಲಿನ ಭಾರ ಹೆಚ್ಚಾಗಿ, ನೆಟ್ಟಗೆ ನಿಲ್ಲುವ ಶಕ್ತಿ ಸಾಲದೆ ಹೋದುದೇ ಕಾರಣವೆಂದು ವಿಚಾರಣೆಯಿಂದ ತಿಳಿದುಬಂದಿತು. ಹಡಗುಗಳ ವಿನ್ಯಾಸದ ಮುಖ್ಯಸ್ಥನಾಗಿದ್ದ ಫುಜಿಮೊಟೊ ಕಿಕುವೊ ಹೊಣೆಗಾರನಾಗಿ ಹುದ್ದೆಯನ್ನು ಕಳೆದುಕೊಂಡನು. 1935ರ ಜನವರಿಯಲ್ಲಿ ತೀರಿಕೊಂಡನು. ಅವನ ವಿನ್ಯಾಸಗಳು ಪ್ರತಿಭೆಯಿಲ್ಲದವನ ಕೆಲಸವಲ್ಲ. ಇನ್ನೊಂದು ತೋಪು, ಇನ್ನೊಂದು ಟಾರ್ಪೆಡೊ ಎಂದು ಮೇಲಿನವರು ಕೇಳುತ್ತಲೇ ಹೋದಾಗ ಒಲ್ಲೆನೆನ್ನದೆ ಎಲ್ಲಕ್ಕೂ ಸ್ಥಳ ಮಾಡಿಕೊಟ್ಟನೆಂದು ನನಗೆ ತೋರುತ್ತದೆ. ವಿನ್ಯಾಸಗಳನ್ನು ಮತ್ತೆ ಪರಿಶೀಲಿಸಲು ಹಿರಾಗಾನನ್ನು ಕರೆಸಿಕೊಂಡರು. ತೊಮೊಜುರುವಿನ ಬ್ರಿಜ್ಜನ್ನು, ಎಂದರೆ ಕಪ್ತಾನನು ನಿಂತು ಹಡಗನ್ನು ನಡೆಸುವ ಕಟ್ಟಡವನ್ನು, ತಗ್ಗಿಸಿದರು. 12.7 ಸೆಂಟಿಮೀಟರಿನ ತೋಪುಗಳಿಗೆ ಬದಲಾಗಿ ಹಗುರವಾದ 12 ಸೆಂಟಿಮೀಟರಿನವನ್ನು ಇಟ್ಟರು. ಎರಡು ಜೊತೆ ಟಾರ್ಪೆಡೊ ಕೊಳವೆಗಳಲ್ಲಿ ಒಂದು ಜೊತೆಯನ್ನು ಕಿತ್ತರು. ತಳದಲ್ಲಿ ಭಾರವನ್ನು ತುಂಬಿದರು. ಹೀಗೆ ತಿದ್ದಿದ ಹಡಗು ಮತ್ತೆ ಅನೇಕ ವರ್ಷ ಸಮುದ್ರದಲ್ಲಿದ್ದು, 1945ರ ಮಾರ್ಚ್ 24ರಂದು ಅಮೆರಿಕದ ವಿಮಾನಗಳಿಂದ ಮುಳುಗಿತು. ಬಿರುಗಾಳಿ ಅದನ್ನು ಮತ್ತೆ ಮಗುಚಲಿಲ್ಲ.

(ಪಾಠ ಅಷ್ಟಕ್ಕೇ ಮುಗಿಯಲಿಲ್ಲವೆನ್ನಿ. 1935ರ ಸೆಪ್ಟೆಂಬರ್ 26ರಂದು ಚಂಡಮಾರುತಕ್ಕೆ ಸಿಕ್ಕಿದ ನೌಕಾಸಮೂಹದಲ್ಲಿ ಹತ್ಸುಯುಕಿ, ಯೂಗಿರಿ ಎಂಬ ಎರಡು ಡಿಸ್ಟ್ರಾಯರುಗಳ ಮೂತಿಗಳೇ ಮುರಿದುಹೋದುವು. ಅವು ನಮ್ಮ ಫುಬುಕಿಯ ಒಡಹುಟ್ಟಿದ ಹಡಗುಗಳು. ಅಲ್ಲಿ ಕೊರತೆಯಾದುದು ಒಡಲಿನ ಬಲ. ಅದು ಬೇರೊಂದು ಲೇಖನಕ್ಕೆ ತಕ್ಕ ವಿಷಯ.)

ಈ ಹಡಗನ್ನೇ ಏಕೆ ಆರಿಸಿದೆವೆಂಬುದು ಓದುಗರಿಗೆ ಈಗ ಹೊಳೆದಿರಬಹುದು. ಒಂದೇ ಒಡಲನ್ನು ಮಾಡಿ, ಅದರ ಮೇಲೆ ತೆಗೆದು ಹಾಕಲು ಬರುವಂತೆ ಎರಡು ಮೇಲ್ಕಟ್ಟಡಗಳನ್ನು ಮಾಡಬಹುದು: 1934ರ ಮಾರ್ಚಿಗೆ ಹಿಂದಿನದು ಒಂದು, ತಿದ್ದಿದ ಮೇಲಿನದು ಒಂದು. ಎರಡನ್ನೂ ತೊಟ್ಟಿಯಲ್ಲಿ ಪರೀಕ್ಷಿಸಬಹುದು. ನೂರು ಜನರು ಸತ್ತ ಘಟನೆಯನ್ನು ಆಟಿಕೆ ಮಾಡಿಕೊಳ್ಳುವುದು ಸರಿಯೇ ಎಂದು ನಮ್ಮಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಪ್ರದರ್ಶನದಲ್ಲಿ ಹಡಗಿನ ಪಕ್ಕದಲ್ಲಿ ಆ ದಿನಾಂಕವನ್ನೂ ಸತ್ತವರ ಸಂಖ್ಯೆಯನ್ನೂ ಬರೆದು ಇಡಬೇಕೆಂದು ಅವಳೇ ಸೂಚಿಸಿದಳು, ಹಾಗೆಯೇ ಗೊತ್ತುಮಾಡಿದೆವು.

ನೂರರಲ್ಲಿ ಒಂದರ ಪ್ರಮಾಣದಲ್ಲಿ ಇದು 80 ಸೆಂಟಿಮೀಟರ್ ಉದ್ದ, 7.4 ಸೆಂಟಿಮೀಟರ್ ಅಗಲ. ಎರಡೂವರೆ ಸೆಂಟಿಮೀಟರ್ ಮುಳುಗಬೇಕು. ಇದೇ ಅಳತೆಯ ಪೆಟ್ಟಿಗೆಯ ಗಾತ್ರ 1,480 ಘನ ಸೆಂಟಿಮೀಟರ್. ಹಡಗಿನ ಒಡಲು ಎರಡು ತುದಿಗಳಲ್ಲಿಯೂ ಕಿರಿದಾಗಿ, ತಳದಲ್ಲಿ ದುಂಡಾಗಿರುವುದರಿಂದ ಅದರ ಗಾತ್ರ ಇದರ ಸುಮಾರು ಅರ್ಧ. ಆದುದರಿಂದ ಪ್ರತಿಕೃತಿಯ ಒಟ್ಟು ತೂಕ 740 ಗ್ರಾಂ ಎಂದಿಟ್ಟುಕೊಂಡೆವು. ಹಿಂದೆ ಹೇಳಿದ ಪೆಟ್ಟಿಗೆಯ ಸೂತ್ರದಂತೆ ಪ್ಲವನಕೇಂದ್ರವು ತಳದಿಂದ 1.25 ಸೆಂಟಿಮೀಟರ್ ಎತ್ತರದಲ್ಲಿಯೂ, ಮೆಟಾಸೆಂಟರ್ ಅಲ್ಲಿಂದ 1.83 ಸೆಂಟಿಮೀಟರ್ ಮೇಲೂ ಇರುತ್ತವೆ, ಒಟ್ಟು 3.08 ಸೆಂಟಿಮೀಟರ್. ನಿಜವಾದ ಒಡಲಿಗೆ ಇದು ಸ್ವಲ್ಪ ಬೇರೆಯಾದೀತು. ಅಂದಾಜಿಗೆ ಇಷ್ಟು ಸಾಕು. ನೀರಿನ ಮಟ್ಟ 2.5 ಸೆಂಟಿಮೀಟರ್ ಎತ್ತರದಲ್ಲಿದೆಯಷ್ಟೆ. ಎಂದ ಮೇಲೆ ಇಡೀ ಪ್ರತಿಕೃತಿಯ ಗುರುತ್ವಕೇಂದ್ರವು ನೀರಿನ ಮಟ್ಟದಿಂದ ಆರು ಮಿಲಿಮೀಟರಿಗಿಂತ ಮೇಲೇರಿದರೆ ಹಡಗು ನೆಟ್ಟಗೆ ನಿಲ್ಲದು. ಆರೇ ಮಿಲಿಮೀಟರ್!

ಬ್ರಿಜ್ಜನ್ನೂ ಕಂಬವನ್ನೂ ಬಿಟ್ಟು ಉಳಿದುದೆಲ್ಲದರ ತೂಕ 690 ಗ್ರಾಂ, ಅದರ ಗುರುತ್ವಕೇಂದ್ರ ತಳದಿಂದ 2.6 ಸೆಂಟಿಮೀಟರ್ ಎನ್ನೋಣ. ಈಗ ಐವತ್ತು ಗ್ರಾಂ ತೂಕದ ತೇಗದ ಬ್ರಿಜ್ಜನ್ನು 11 ಸೆಂಟಿಮೀಟರ್ ಎತ್ತರದಲ್ಲಿ ಕೂರಿಸಿದರೆ, 690ನ್ನು 2.6ರಿಂದಲೂ 50ನ್ನು 11ರಿಂದಲೂ ಗುಣಿಸಿ, ಕೂಡಿಸಿ, 740ರಿಂದ ಭಾಗಿಸಬೇಕು. ಬರುವ ಉತ್ತರ 3.17. ಎಲ್ಲೆ ಮೀರಿತು, ಹಡಗು ಮಗುಚುತ್ತದೆ. ಅದೇ ಬ್ರಿಜ್ಜನ್ನು ತಗ್ಗಿಸಿ, ತೆಳುವಾದ ರಟ್ಟಿನಿಂದ 20 ಗ್ರಾಮಿನಷ್ಟು ಹಗುರವಾಗಿ ಮಾಡಿ, 9 ಸೆಂಟಿಮೀಟರ್ ಎತ್ತರದಲ್ಲಿಟ್ಟು, ಉಳಿದ 30 ಗ್ರಾಮನ್ನು ಸೀಸದ ರೂಪದಲ್ಲಿ ತಳದಿಂದ ಅರ್ಧ ಸೆಂಟಿಮೀಟರಿನಲ್ಲಿ ಇಟ್ಟರೆ ಉತ್ತರ 2.69 ಆಗುತ್ತದೆ. ಮೆಟಾಸೆಂಟರಿಗೂ ಗುರುತ್ವಕೇಂದ್ರಕ್ಕೂ ನಡುವೆ ಸುಮಾರು 4 ಮಿಲಿಮೀಟರ್ ಉಳಿಯಿತು. ಒಟ್ಟು ತೂಕ ಎರಡರಲ್ಲಿಯೂ ಒಂದೇ ಎಂಬುದನ್ನು ಮರೆಯಬೇಡಿ.

ಒಡಲನ್ನು ಹೀಗೆ ಮಾಡಿದೆವು. ನಕ್ಷೆಯಲ್ಲಿ ಅರ್ಧ ಅರ್ಧ ಸೆಂಟಿಮೀಟರ್ ಎತ್ತರಕ್ಕೆ ಒಡಲಿನ ಅಡ್ಡ ಆಕಾರವನ್ನು ಗುರುತಿಸಿ, ಆ ಆಕಾರಕ್ಕೆ ಅಷ್ಟೇ ದಪ್ಪದ ಬೂರುಗದ ಹಲಗೆಗಳನ್ನು ಕತ್ತರಿಸಿ, ಎಲ್ಲಕ್ಕೂ ತಳದ ಹಲಗೆಯೊಂದನ್ನು ಬಿಟ್ಟು ಉಳಿದವುಗಳ ನಡುಭಾಗವನ್ನು ಕೊರೆದು ತೆಗೆದು, ಒಂದರ ಮೇಲೊಂದರಂತೆ ಅಂಟಿಸಿದೆವು. ಹೊರಗೆ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದನ್ನು ಉಜ್ಜಿ ನುಣುಪು ಮಾಡಬೇಕು. ಬೂರುಗ ಹಗುರ, ಮೃದು. ಆದರೆ ನೀರನ್ನು ಬಹುಬೇಗ ಕುಡಿಯುತ್ತದೆ. ಒಳಗೂ ಹೊರಗೂ ಮೂರು ಸಲವಾದರೂ ವಾರ್ನಿಷ್ ಹಚ್ಚದೆ ನೀರಿಗಿಳಿಸಬಾರದು.

ನೀರಿಗಿಳಿಸಿದ ಮೇಲೆ ಒಂದು ಪರೀಕ್ಷೆ. ಡೆಕ್ಕಿನ ನಡುವೆ ಇರಿಸಿದ 10 ಗ್ರಾಂ ತೂಕವೊಂದನ್ನು 3 ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ, ಹಡಗು ಎಷ್ಟು ವಾಲಿತೆಂಬುದನ್ನು ಹಗುರವಾದ ತೂಗುಗುಂಡಿನಿಂದ ಅಳೆಯಿರಿ. 10 ಸೆಂಟಿಮೀಟರ್ ಉದ್ದದ ದಾರವು ಸುಮಾರು ಒಂದು ಸೆಂಟಿಮೀಟರ್ ಸರಿದರೆ ನಮ್ಮ 4 ಮಿಲಿಮೀಟರ್ ಲೆಕ್ಕ ಸರಿಯಾಗಿದೆಯೆಂದು ತಿಳಿಯಬೇಕು. ಹೆಚ್ಚು ಸರಿದರೆ ತಲೆಭಾರ ಇನ್ನೂ ಉಳಿದಿದೆ. ನಿಜವಾದ ಹಡಗುಗಳಿಗೂ ಇದೇ ಪರೀಕ್ಷೆಯನ್ನು ಮಾಡುತ್ತಾರೆ; ಅಲ್ಲಿ ಗ್ರಾಮುಗಳ ಬದಲು ಟನ್ನುಗಳು. ದಾರವೂ ಇಲ್ಲದಿದ್ದರೆ ಹಡಗನ್ನು ಬೆರಳಿನಿಂದ ಮೆಲ್ಲನೆ ವಾಲಿಸಿ ಬಿಡಿ. ಲೆಕ್ಕದಂತೆ ಅದು ಒಂದು ಸೆಕೆಂಡಿಗೂ ಕಡಮೆ ಹೊತ್ತಿನಲ್ಲಿ ಒಂದು ಸಲ ತೂಗಾಡಬೇಕು. ಸೋಮಾರಿಯಂತೆ ನಿಧಾನವಾಗಿ ಓಲಾಡುವ ಹಡಗನ್ನು ನಂಬಬಾರದು. ಅದು ಮಗುಚಲು ಸಿದ್ಧವಾಗಿರುತ್ತದೆ. ನೋಡುವವರಿಗೆ ಆ ನಿಧಾನವೇ ಗಾಂಭೀರ್ಯವಾಗಿ ಕಾಣುವುದುಂಟು. ನಮಗೂ ಫುಬುಕಿಯಲ್ಲಿ ಹಾಗೆಯೇ ಕಂಡಿತ್ತು.

ಮೊನ್ನೆ ಮೇಜಿನ ಬೀಸಣಿಗೆಯನ್ನು ತೊಟ್ಟಿಯ ಪಕ್ಕಕ್ಕಿಟ್ಟು ಎರಡನ್ನೂ ಪರೀಕ್ಷಿಸಿದೆವು. ಎತ್ತರದ ಬ್ರಿಜ್ಜಿನ ಹಡಗನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ ಬಿಟ್ಟರೆ, ಗಾಳಿಯ ಮೊದಲ ತಳ್ಳಿಕೆಗೇ ಅದು ಮಗುಚಿತು. ತಗ್ಗಿನದನ್ನು ಹಾಕಿ ಸೀಸವನ್ನು ತಳಕ್ಕಿಳಿಸಿದ ಮೇಲೆ ಹಡಗು ವಾಲಿತು, ಡೆಕ್ಕಿನ ಅಂಚಿಗೆ ನೀರು ತಾಗುವಷ್ಟರಲ್ಲಿ ನಿಂತಿತು, ಬೀಸಣಿಗೆಯನ್ನು ನಿಲ್ಲಿಸಿದೊಡನೆ ನೆಟ್ಟಗಾಯಿತು. ಹಿಂದೆ ಫುಬುಕಿಗೆ ಹಿತ್ತಾಳೆಯ ತೋಪುಗಳನ್ನು ಮಾಡಿದ್ದ ಹುಡುಗನು ಈ ಸಲದ ತೋಪುಗಳನ್ನು ಪೊರಕೆಯ ಕಡ್ಡಿಯಿಂದ ಮಾಡಿರುವನು. ಅವಕ್ಕೆ ಇನ್ನೂ ಬಣ್ಣ ಹಚ್ಚಬೇಕಾಗಿದೆ.